ಆರನೇ ವರ್ಷಕ್ಕೆ ಸದ್ದಿಲ್ಲದೆ ಬರುವ ಹಲ್ಲು, ಅದನ್ನು ಕಾಯುವ ಸೀಲೆಂಟ್

ಮಗುವಿನ ಮೊದಲ ಹಾಲು ಹಲ್ಲು ಬಿದ್ದ ದಿನ ಮನೆಯಲ್ಲಿ ಸಡಗರವೋ ಸಡಗರ. ಹಳ್ಳಿ ಕಡೆ ಅದನ್ನು ಸಗಣಿಯಲ್ಲಿ ಸುತ್ತಿ ಮನೆ ಮೇಲೆ ಎಸೆಯುತ್ತಾರೆ. ಬೊಚ್ಚುಬಾಯಿಯ ಫೋಟೋ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ. "ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹಾಕಬೇಡ, ಸೊಟ್ಟ ಹಲ್ಲು ಬರುತ್ತೆ" ಎಂದು ಅಜ್ಜಿ ಗದರುತ್ತಾರೆ. ಎಲ್ಲರ ಕಣ್ಣೂ ಮುಂದಿನ ಹಲ್ಲಿನ ಮೇಲೆ. ಹೆಚ್ಚುಕಡಿಮೆ ಅದೇ ಸಮಯಕ್ಕೆ ಬಾಯಿಯ ಹಿಂದಿನ ಮೂಲೆಯಲ್ಲಿ ಇನ್ನೊಂದು ಹಲ್ಲು ಮೇಲೆ ಬರುತ್ತಿರುತ್ತದೆ. ಅದಕ್ಕೆ ಜಾಗ ಬಿಡಲು ಯಾವ ಹಾಲು ಹಲ್ಲೂ ಬೀಳಬೇಕಿಲ್ಲ. ಕೊನೆಯ ಹಾಲು ಹಲ್ಲಿನ ಹಿಂದೆ ಖಾಲಿ ಇದ್ದ ವಸಡನ್ನು ಸೀಳಿಕೊಂಡು ಬರುತ್ತದೆ. ಹಾಗಾಗಿ ಅದು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಅದು ಮೊದಲ ಶಾಶ್ವತ ದವಡೆ ಹಲ್ಲು. ಸುಮಾರು ಆರನೇ ವರ್ಷಕ್ಕೆ ಬರುತ್ತದೆ. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು. ಹೆಚ್ಚಾಗಿ ಕೆಳಗಿನವು ಮೊದಲು. ಏನೂ ಬೀಳದೆ ಬಂದಿದ್ದರಿಂದ ಅಪ್ಪ ಅಮ್ಮ ಅದನ್ನೂ ಹಾಲು ಹಲ್ಲಿನ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಎಂಟನೇ ವರ್ಷಕ್ಕೆ ಅದರ ಮೇಲೆ ಕಪ್ಪು ಚುಕ್ಕೆ ಕಂಡರೂ "ಹೇಗಿದ್ರೂ ಬೀಳೋ ಹಲ್ಲು ತಾನೆ, ಬಿಡಿ" ಅನ್ನುತ್ತಾರೆ. ಮಕ್ಕಳ ಹಲ್ಲಿನ ಡಾಕ್ಟರುಗಳಿಗೆ ಈ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ಅದು ಬೀಳುವ ಹಲ್ಲಲ್ಲ. ಹೋದರೆ ಹೋಯಿತು, ಇನ್ನೊಂದು ಬರುವುದಿಲ್ಲ.

ಈ ಹಲ್ಲು ಹುಳುಕದಂತೆ ನೋಡಿಕೊಳ್ಳಲು ಒಂದು ಸುಲಭದ ದಾರಿ ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೆ. ಅದೇ ಸೀಲೆಂಟ್. ಹಲ್ಲಿನ ಮೇಲಿನ ಗೆರೆಗಳನ್ನು ತೆಳುವಾದ ಪ್ಲಾಸ್ಟಿಕ್ಕಿನಂಥ ಪದರದಿಂದ ಮುಚ್ಚುವುದು. ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ, ನೋವಿಲ್ಲ. ಒಂದು ಹಲ್ಲಿಗೆ ಕೆಲವೇ ನಿಮಿಷ. ಆದರೂ ನಮ್ಮಲ್ಲಿ ಎಷ್ಟೋ ಜನ ಇದರ ಹೆಸರು ಕೇಳುವುದು ಮಗುವಿಗೆ ಫಿಲ್ಲಿಂಗ್ ಮಾಡಿಸಲು ಹೋದಾಗ. ಅಷ್ಟು ಹೊತ್ತಿಗೆ ಆ ಹಲ್ಲಿನ ಮಟ್ಟಿಗೆ ತಡವಾಗಿರುತ್ತದೆ.

ಮೊದಲು ಎಣಿಸಿ ನೋಡಿ

ಮಗುವನ್ನು ಕಿಟಕಿ ಪಕ್ಕ ಒಳ್ಳೆ ಬೆಳಕಿನಲ್ಲಿ ಕೂರಿಸಿ. ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ಬಾಯಿ ತೆರೆಸಿ. ಕೆಳಗಿನ ಸಾಲಿನ ನಡುವಿನಿಂದ ಒಂದು ಪಕ್ಕಕ್ಕೆ ಎಣಿಸುತ್ತಾ ಹೋಗಿ. ಹಾಲು ಹಲ್ಲು ಒಂದು ಪಕ್ಕಕ್ಕೆ ಐದೇ ಇರುತ್ತವೆ: ಎರಡು ಬಾಚಿ ಹಲ್ಲು, ಒಂದು ಕೋರೆ ಹಲ್ಲು, ಎರಡು ದವಡೆ ಹಲ್ಲು. ಬಿದ್ದು ಖಾಲಿಯಾದ ಜಾಗವನ್ನೂ ಸೇರಿಸಿಯೇ ಎಣಿಸಬೇಕು. ಆರನೆಯದೊಂದು ಕಂಡರೆ ಅದೇ ಈ ಹಲ್ಲು. ಪಕ್ಕದ ಹಾಲು ಹಲ್ಲಿಗಿಂತ ದೊಡ್ಡದಾಗಿ, ಸ್ವಲ್ಪ ಹಳದಿಯಾಗಿ ಕಾಣುತ್ತದೆ. ಹೆದರಬೇಡಿ, ಶಾಶ್ವತ ಹಲ್ಲಿನ ಬಣ್ಣವೇ ಹಾಗೆ.

ಒಂದೇ ಸಲ ಅದು ಪೂರ್ತಿ ಕಾಣಿಸುವುದಿಲ್ಲ. ಮೊದಲು ಒಂದೆರಡು ಚೂಪು ತುದಿಗಳು ಮಾತ್ರ ಇಣುಕುತ್ತವೆ. ಹಿಂಭಾಗದ ಮೇಲೆ ವಸಡಿನ ಒಂದು ಚೂರು ಇನ್ನೂ ಹೊದ್ದುಕೊಂಡೇ ಇರುತ್ತದೆ, ಅದರ ಅಡಿಯಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ. ಎದುರಿನ ಹಲ್ಲಿಗೆ ತಾಗಿ ಜಗಿಯುವ ಮಟ್ಟಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಆ ಇಡೀ ಸಮಯ ಅದು ಪಕ್ಕದ ಹಲ್ಲುಗಳಿಗಿಂತ ತಗ್ಗಿನಲ್ಲಿರುತ್ತದೆ. ನಾವು ಬ್ರಷ್ಷನ್ನು ಹಿಂದೆ ಮುಂದೆ ಉಜ್ಜುವಾಗ ಎಳೆಗಳು ಎತ್ತರದ ಹಾಲು ಹಲ್ಲುಗಳ ಮೇಲೆ ಹಾದುಹೋಗುತ್ತವೆ, ಈ ತಗ್ಗಿಗೆ ಇಳಿಯುವುದೇ ಇಲ್ಲ. ಹೊಸದಾಗಿ ಬಂದ ಹಲ್ಲಿನ ಹೊರಪದರ, ಅಂದರೆ ಎನಾಮಲ್ ಕೂಡ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬಾಯಿಗೆ ಬಂದ ಮೇಲೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಹೀರಿಕೊಂಡು ನಿಧಾನಕ್ಕೆ ಬಲಿಯುತ್ತದೆ. ಅಂದರೆ ಹಲ್ಲು ಅತಿ ನಾಜೂಕಾಗಿರುವ ಕಾಲವೂ ಅದು ನಮ್ಮ ಕಣ್ಣಿಗೆ ಬೀಳದ ಕಾಲವೂ ಒಂದೇ.

ತೊಂದರೆ ಇರುವುದು ಗೆರೆಗಳಲ್ಲಿ

ದವಡೆ ಹಲ್ಲಿನ ಮೇಲ್ಭಾಗ ಸಪಾಟಾಗಿಲ್ಲ. ಏರು ತಗ್ಗುಗಳ ನಡುವೆ ಕವಲೊಡೆದ ಗೆರೆಗಳಿವೆ. ಮೇಲಿನಿಂದ ನೋಡಿದರೆ ಸುಮ್ನೆ ಗೀರಿನ ಹಾಗೆ ಕಾಣುತ್ತವೆ. ಹಲ್ಲನ್ನು ಉದ್ದಕ್ಕೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಿತ್ರವೇ ಬೇರೆ. ಕೆಲವು ಗೆರೆ ಅಗಲ ಬಾಯಿಯ ತಗ್ಗು, ಅವುಗಳಿಂದ ಅಷ್ಟೇನೂ ತೊಂದರೆ ಇಲ್ಲ. ಕೆಲವು ಮಾತ್ರ ನೆಟ್ಟಗೆ ಆಳಕ್ಕೆ ಇಳಿದ ಕಿರಿದಾದ ಸೀಳು. ಇನ್ನು ಕೆಲವಕ್ಕೆ ಬಾಯಿ ಕಿರಿದು, ತಳ ಅಗಲ. ಬ್ರಷ್ಷಿನ ಒಂದು ಎಳೆ ಸುಮಾರು 0.2 ಮಿಲಿಮೀಟರ್ ದಪ್ಪ ಇರುತ್ತದೆ. ಎಷ್ಟೋ ಗೆರೆಗಳ ಬಾಯಿ ಅದಕ್ಕಿಂತಲೂ ಸಣ್ಣದು. ಹೊತ್ತು ಹೊತ್ತಿಗೆ ಎಷ್ಟೇ ಶ್ರದ್ಧೆಯಿಂದ ಉಜ್ಜಿಸಿದರೂ ಆ ಎಳೆ ಒಳಗೆ ಹೋಗುವುದಿಲ್ಲ. ದಿನಕ್ಕೆರಡು ಸಲ ಬ್ರಷ್ ಮಾಡಿಸುವ ಮನೆಯ ಮಕ್ಕಳಿಗೂ ದವಡೆ ಹಲ್ಲು ಹುಳುಕುವುದಕ್ಕೆ ಇದು ದೊಡ್ಡ ಕಾರಣ. ತಾಯಂದಿರು ಇದನ್ನು ತಮ್ಮ ತಪ್ಪು ಅಂದುಕೊಂಡು ಕೊರಗುವುದನ್ನು ನೋಡಿದ್ದೇನೆ. ಪಾಪ, ಅವರದೇನೂ ತಪ್ಪಿಲ್ಲ.

ಹಲ್ಲಿಗೆ ಹುಳ ಬಿದ್ದಿದೆ ಅನ್ನುತ್ತೇವಲ್ಲ, ನೆಲಗುಳ್ಳದ ಬೀಜದ ಹೊಗೆ ಹಾಕಿ ಹುಳ ಬೀಳಿಸುವವರೂ ಒಂದು ಕಾಲಕ್ಕೆ ಊರೂರಿಗೆ ಇದ್ದರು. ಅಲ್ಲಿ ಇರುವುದು ಹುಳವಲ್ಲ, ಬ್ಯಾಕ್ಟೀರಿಯಾ. ಅದರಲ್ಲಿ ಹೆಸರು ಮಾಡಿದ್ದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಇದನ್ನು 1924ರಲ್ಲೇ ಗುರುತಿಸಿದ್ದರು. ನಾವು ತಿಂದ ಸಕ್ಕರೆ, ಪಿಷ್ಟವನ್ನು ಅದು ತಿಂದು ಆಮ್ಲ ಬಿಡುತ್ತದೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ ಪಿಎಚ್. ಹಲ್ಲಿನ ಮೇಲೆ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನ ಖನಿಜ ಕರಗಲು ಶುರು. ಎಂಜಲು ಆ ಆಮ್ಲವನ್ನು ತೊಳೆದು, ಕರಗಿದ ಖನಿಜವನ್ನು ಒಂದಷ್ಟು ವಾಪಸ್ ತುಂಬಿಸುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಊಟದ ಜೊತೆ ಒಂದು ಹೋಳಿಗೆ ತಿಂದರೆ ಹಲ್ಲಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಹಾಲಿಗೆ ಅದ್ದಿದ ಬಿಸ್ಕತ್ತು, ಆಮೇಲೆ ಒಂದು ಚಾಕೊಲೇಟು, ಆಮೇಲೆ ಚಿಪ್ಸ್, ಹೀಗೆ ದಿನವಿಡೀ ಬಾಯಾಡಿಸುತ್ತಿದ್ದರೆ ಆ ಬಿಡುವು ಸಿಗುವುದೇ ಇಲ್ಲ. ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದೇ ಇಲ್ಲಿ ಮುಖ್ಯ.

ಗೆರೆಯ ತಳದಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ. ಅಲ್ಲಿಗೆ ಬಿಸ್ಕತ್ತಿನ ಹಿಟ್ಟು ಇಳಿಯುತ್ತದೆ, ಎಂಜಲು ಸರಿಯಾಗಿ ಇಳಿಯುವುದಿಲ್ಲ. ತಳದಲ್ಲಿ ಎನಾಮಲ್ ಕೂಡ ತೆಳು. ಅದನ್ನು ದಾಟಿದರೆ ಕೆಳಗಿರುವುದು ಡೆಂಟಿನ್ ಅನ್ನುವ ಮೆತ್ತಗಿನ ಪದರ, ಅಲ್ಲಿ ಹುಳುಕು ಪಕ್ಕಕ್ಕೆ ಹರಡುತ್ತದೆ. ಹಾಗಾಗಿ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ, ಒಳಗೆ ದೊಡ್ಡ ಗುಂಡಿ. ಒಂದು ದಿನ ಚಕ್ಕುಲಿ ಕಡಿದಾಗ ಮೇಲಿನ ಚಿಪ್ಪು ಮುರಿದು ಬೀಳುತ್ತದೆ. "ನಿನ್ನೆವರೆಗೂ ಚೆನ್ನಾಗೇ ಇತ್ತು" ಅಂತ ಅಮ್ಮ ಹೇಳುವುದು ಸುಳ್ಳಲ್ಲ, ಹೊರಗಿನಿಂದ ಕಂಡದ್ದು ಹಾಗೇ.

ಆಗ ಚಿಕಿತ್ಸೆಯೂ ಸುಲಭವಲ್ಲ. ದೊಡ್ಡವರ ಹಲ್ಲಾದರೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿ ಕಳಿಸುತ್ತಾರೆ. ಎಂಟು ವರ್ಷದ ಮಗುವಿನ ಈ ಹಲ್ಲಿನಲ್ಲಿ ಬೇರಿನ ತುದಿಯೇ ಇನ್ನೂ ಮುಚ್ಚಿರುವುದಿಲ್ಲ. ಹಲ್ಲು ಹೊರಗೆ ಬಂದ ಮೇಲೂ ಬೇರು ಪೂರ್ತಿ ಬೆಳೆಯಲು ಸುಮಾರು ಮೂರು ವರ್ಷ ಹಿಡಿಯುತ್ತದೆ. ತುದಿ ತೆರೆದಿರುವ ಬೇರಿಗೆ ಮಾಮೂಲಿ ರೂಟ್ ಕೆನಾಲ್ ನಡೆಯುವುದಿಲ್ಲ, ಬೇರೆ ರೀತಿಯ ಚಿಕಿತ್ಸೆ, ಹಲವು ಭೇಟಿ. ಕೀಳಿಸಿದರೆ ಹಿಂದಿನಿಂದ ಬರುವ ಹಲ್ಲು ಆ ಜಾಗಕ್ಕೆ ವಾಲಿ ಸಾಲೇ ಹದಗೆಡಬಹುದು.

ಆಮ್ಲದಿಂದಲೇ ಕಾಪಾಡುವ ಉಪಾಯ

ಗೆರೆಯನ್ನು ಮುಚ್ಚಿದರೆ ಸಾಕಲ್ಲ ಅನ್ನುವ ಯೋಚನೆ ಹಳೆಯದೇ. ಕಷ್ಟ ಇದ್ದದ್ದು ಅಂಟಿಸುವುದರಲ್ಲಿ. ಸದಾ ಒದ್ದೆ ಇರುವ, ದಿನವಿಡೀ ಜಗಿಯುವ, ಬಿಸಿ ಕಾಫಿಯೂ ಐಸ್‌ಕ್ರೀಮೂ ಬಂದು ಹೋಗುವ ಬಾಯಲ್ಲಿ ಯಾವ ಅಂಟು ನಿಲ್ಲುತ್ತದೆ?

ಉತ್ತರ ಸಿಕ್ಕಿದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ. ಕೊಡಾಕ್ ಕ್ಯಾಮೆರಾ ಕಂಪನಿಯ ಜಾರ್ಜ್ ಈಸ್ಟ್‌ಮನ್ ಕೊಟ್ಟ ದುಡ್ಡಿನಿಂದ ಅಲ್ಲಿ ಮಕ್ಕಳ ಹಲ್ಲಿನ ಆಸ್ಪತ್ರೆಯೊಂದು ಶುರುವಾಗಿತ್ತು. ಅಲ್ಲಿದ್ದ ಮೈಕೆಲ್ ಬುವನೊಕೋರ್ ಎಂಬ ದಂತವೈದ್ಯರು ಕಾರ್ಖಾನೆಗಳ ಒಂದು ಪದ್ಧತಿಯನ್ನು ಗಮನಿಸಿದರು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಅಲ್ಲಿ ಮೊದಲು ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದರು. ಹಲ್ಲಿಗೂ ಯಾಕೆ ಹಚ್ಚಬಾರದು? 1955ರಲ್ಲಿ ಅವರು ತಮ್ಮ ಪ್ರಯೋಗವನ್ನು ಪ್ರಕಟಿಸಿದರು: 85% ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಹಚ್ಚಿ ತೊಳೆದರೆ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಎನಾಮಲ್‌ಗೆ ಎಷ್ಟೋ ಪಾಲು ಗಟ್ಟಿಯಾಗಿ ಅಂಟುತ್ತದೆ.

ಆಮ್ಲ ಹಲ್ಲಿಗೆ ಏನು ಮಾಡುತ್ತದೆ ಅಂದರೆ, ನುಣುಪಾದ ಎನಾಮಲ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ರಂಧ್ರ ತೆರೆಯುತ್ತದೆ. ಗಾರೆ ಕೆಲಸದವರು ನುಣುಪು ಕಾಂಕ್ರೀಟ್ ಕಂಬಕ್ಕೆ ಪ್ಲಾಸ್ಟರ್ ಮಾಡುವ ಮುಂಚೆ ಸುತ್ತಿಗೆಯಿಂದ ಕೊಚ್ಚಿ ಒರಟು ಮಾಡಿಕೊಳ್ಳುತ್ತಾರಲ್ಲ, ಅದೇ ಲೆಕ್ಕ. ರೆಸಿನ್, ಅಂದರೆ ಆಮೇಲೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುವ ದ್ರವ, ಆ ರಂಧ್ರಗಳಿಗೆ ಇಳಿದು ಗಟ್ಟಿಯಾದರೆ ಸಾವಿರಾರು ಸಣ್ಣ ಬೇರು ಬಿಟ್ಟ ಹಾಗೆ ಕಚ್ಚಿಕೊಳ್ಳುತ್ತದೆ. ಹಲ್ಲನ್ನು ಹಾಳು ಮಾಡುವ ಆಮ್ಲವೇ ಹಲ್ಲನ್ನು ಕಾಯುವ ಕೆಲಸಕ್ಕೂ ಬಂತು. ಇವತ್ತು ಹಲ್ಲಿನ ಬಣ್ಣದ ಫಿಲ್ಲಿಂಗ್, ಮಕ್ಕಳ ಹಲ್ಲಿನ ಕ್ಲಿಪ್, ಎಲ್ಲವೂ ನಿಂತಿರುವುದು ಈ ಒಂದು ಉಪಾಯದ ಮೇಲೆ.

ಮುಂದೆ 1967ರಲ್ಲಿ ಕ್ವೇಟೊ ಮತ್ತು ಬುವನೊಕೋರ್ ಹಲ್ಲಿನ ಗೆರೆಗಳನ್ನು ಮುಚ್ಚಿ ನೋಡಿದ ಫಲಿತಾಂಶ ಹೊರಬಂತು. ಅವರು ಬಳಸಿದ್ದು ಸಯನೋಅಕ್ರಿಲೇಟ್, ನಮ್ಮ ಫೆವಿಕ್ವಿಕ್ ಜಾತಿಯ ಅಂಟು. ಹುಳುಕೇನೋ ಕಡಿಮೆಯಾಯಿತು, ಆದರೆ ಬಾಯಿಯಲ್ಲಿ ಆ ಅಂಟು ಬಹಳ ಕಾಲ ಬಾಳುವಂಥದ್ದಲ್ಲ. ಅಷ್ಟರಲ್ಲಿ ಅಮೆರಿಕದ ಸಂಶೋಧಕ ರಾಫೆಲ್ ಬೋವೆನ್ ಬಿಸ್-ಜಿಎಂಎ ಎಂಬ ಗಟ್ಟಿ ರೆಸಿನ್ ಮಾಡಿಟ್ಟಿದ್ದರು. ಅದನ್ನು ಬಳಸಿ 1971ರಲ್ಲಿ ನುವಾ-ಸೀಲ್ ಎಂಬ ಮೊದಲ ಸೀಲೆಂಟ್ ಮಾರುಕಟ್ಟೆಗೆ ಬಂತು. ಆಗ ನೇರಳಾತೀತ ಬೆಳಕಿನಿಂದ ಗಟ್ಟಿ ಮಾಡುತ್ತಿದ್ದರು. ಈಗ ನೀಲಿ ಎಲ್‌ಇಡಿ ಬೆಳಕು.

ಕುರ್ಚಿಯ ಪಕ್ಕ ನಿಂತು ನೋಡಿದ್ದು

ತಂಗಿಯ ಮಗಳಿಗೆ ಏಳು ವರ್ಷ. ಅವಳಿಗೆ ಸೀಲೆಂಟ್ ಹಾಕಿಸಲು ನಾನೇ ಕರೆದುಕೊಂಡು ಹೋಗಿದ್ದೆ. "ದೊಡ್ಡಮ್ಮಾ, ಸೂಜಿ ಚುಚ್ತಾರಾ?" ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಕೇಳುತ್ತಿದ್ದಳು. ಡಾಕ್ಟರ್ ಮೊದಲು ಹಲ್ಲನ್ನು ತಿರುಗುವ ಸಣ್ಣ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿದರು. ಆಮೇಲೆ ಕೆನ್ನೆ ಕಡೆ ಒಂದು, ನಾಲಿಗೆ ಕಡೆ ಒಂದು ಹತ್ತಿಯ ಸುರುಳಿ ಇಟ್ಟರು. ತುಟಿಯ ಮೂಲೆಗೆ ಎಂಜಲು ಎಳೆಯುವ ನಳಿಗೆ ಸಿಕ್ಕಿಸಿದರು. ಗಾಳಿ ಊದಿ ಹಲ್ಲನ್ನು ಒಣಗಿಸಿದರು. ನೀಲಿ ಬಣ್ಣದ ಜೆಲ್ ಹಚ್ಚಿದರು. ಅದೇ ಆಮ್ಲ, ಈಗ 37% ಆಸುಪಾಸು. "ಪುಟ್ಟಿ, ಮನಸ್ಸಲ್ಲೇ ಇಪ್ಪತ್ತು ಎಣಿಸು ನೋಡೋಣ" ಅಂದರು. ನೀರು ಹಾಯಿಸಿ ತೊಳೆದು ಮತ್ತೆ ಒಣಗಿಸಿ, "ಬನ್ನಿ ಮೇಡಂ, ನೋಡಿ" ಎಂದು ನನ್ನನ್ನು ಕರೆದರು. ಜೆಲ್ ತಾಗಿದ ಕಡೆಯಷ್ಟೇ ಹಲ್ಲಿನ ಹೊಳಪು ಹೋಗಿ ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಆ ಬಿಳಿ ಕಂಡರೆ ಮಾತ್ರ ಮುಂದಿನ ಕೆಲಸ. ಈ ಹೊತ್ತಿನಲ್ಲಿ ಒಂದು ತೊಟ್ಟು ಎಂಜಲು ತಾಗಿದರೂ ತೆರೆದ ರಂಧ್ರಗಳು ಮುಚ್ಚಿಹೋಗುತ್ತವೆ, ಸೀಲೆಂಟ್ ಹಿಡಿಯುವುದಿಲ್ಲ. ಹಾಗಾದರೆ ಮತ್ತೆ ಆಮ್ಲ ಹಚ್ಚಿ ಮೊದಲಿನಿಂದ ಶುರು ಮಾಡಬೇಕು. ಸೀಲೆಂಟ್ ಬೇಗ ಕಿತ್ತು ಬರುವುದಕ್ಕೆ ಮುಖ್ಯ ಕಾರಣವೇ ಈ ಎಂಜಲು. ನಮ್ಮ ಪುಟ್ಟಿ ಎಡಗಡೆ ಹಲ್ಲಿಗೆ ಹಾಕುವಾಗ ಸರಿಯಾಗಿ ಅದೇ ಹೊತ್ತಿಗೆ ನಾಲಿಗೆ ಆಡಿಸಿದಳು. ಡಾಕ್ಟರ್ ಒಂದು ಮಾತೂ ಬೈಯದೆ ಹತ್ತಿ ಬದಲಿಸಿ ಪುನಃ ಜೆಲ್ ಹಚ್ಚಿದರು. ಒಳ್ಳೆಯ ಕೆಲಸಗಾರರು ಅನ್ನಿಸಿದ್ದು ಆಗ. ಹಾಗೇ ಮುಂದುವರಿದಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಸೂಜಿಯಂಥ ತುದಿಯಿಂದ ರೆಸಿನ್ ಬಿಟ್ಟು, ಗೆರೆಯುದ್ದಕ್ಕೂ ಎಳೆದು, ಗಾಳಿಗುಳ್ಳೆ ಒಡೆದು, ನೀಲಿ ಬೆಳಕು ಹಿಡಿದರು. ಬೀಪ್ ಅಂತು, ಅಷ್ಟೇ. ಕೊನೆಗೆ ಬಣ್ಣದ ಕಾಗದ ಕಚ್ಚಿಸಿ ಎಲ್ಲಾದರೂ ಎತ್ತರ ಆಗಿದೆಯಾ ನೋಡಿದರು. ಒರೆಸಿ, ಬಾಯಿ ಮುಕ್ಕಳಿಸಲು ಹೇಳಿದರು. "ರುಚಿ ಕೆಟ್ಟದಾಗಿದೆ" ಅನ್ನುವುದೊಂದೇ ಅವಳ ದೂರು.

ಚೆನ್ನಾಗಿ ಒಣಗಿಸಲು ಆಗದ ಹಲ್ಲಿಗೆ ಬೇರೆ ದಾರಿ ಇದೆ. ಅರ್ಧ ಮಾತ್ರ ಹೊರಬಂದ ಹಲ್ಲು, ಬಾಯಿ ತೆರೆದು ಕೂರದ ಮಗು, ಇಂಥ ಕಡೆ ಗ್ಲಾಸ್ ಅಯನೊಮರ್ ಎಂಬ ಸಿಮೆಂಟ್ ಹಾಕುತ್ತಾರೆ. ಸ್ವಲ್ಪ ತೇವ ಇದ್ದರೂ ಅದು ಹಿಡಿಯುತ್ತದೆ. ಫ್ಲೋರೈಡ್ ಬಿಡುತ್ತದೆ. ಆದರೆ ರೆಸಿನ್‌ನಷ್ಟು ದಿನ ನಿಲ್ಲುವುದಿಲ್ಲ. ಹಲ್ಲು ಪೂರ್ತಿ ಬರುವವರೆಗಿನ ತಾತ್ಕಾಲಿಕ ಕಾವಲು ಅಂದುಕೊಳ್ಳಿ. ಇದಕ್ಕೆ ಕರೆಂಟೂ ಬೇಡ, ಡೆಂಟಲ್ ಕುರ್ಚಿಯೂ ಬೇಡ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಕರೆಂಟಿಲ್ಲದ ಕಡೆಗೆ ಅಂತಲೇ ಒಂದು ವಿಧಾನ ರೂಪುಗೊಂಡಿತು. ಮೇಜಿನ ಮೇಲೆ ಮಗುವನ್ನು ಮಲಗಿಸಿ, ಕಲಸಿದ ಸಿಮೆಂಟನ್ನು ಹಲ್ಲಿನ ಮೇಲಿಟ್ಟು, ವ್ಯಾಸಲೀನ್ ಸವರಿದ ಗ್ಲೌಸ್ ಬೆರಳಿನಿಂದ ಒತ್ತಿ ಗೆರೆಗಳಿಗೆ ಇಳಿಸುತ್ತಾರೆ. 1994ರ ವಿಶ್ವ ಆರೋಗ್ಯ ದಿನ ಬಾಯಿಯ ಆರೋಗ್ಯದ ಬಗ್ಗೆಯೇ ಇತ್ತು, ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಅಂದು ಬೆಂಬಲಿಸಿತು. ಹಳ್ಳಿ ಶಾಲೆಯ ಕೊಠಡಿಯಲ್ಲೂ ಮಾಡಬಹುದಾದ ಕೆಲಸ ಇದು.

ಎಷ್ಟು ಪ್ರಯೋಜನ?

ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಕೊಡುವ ಲೆಕ್ಕ ಹೀಗಿದೆ. ಶಾಶ್ವತ ಹಲ್ಲುಗಳ ಹತ್ತು ಹುಳುಕಿನಲ್ಲಿ ಒಂಬತ್ತು ಬರುವುದು ಹಿಂದಿನ ಹಲ್ಲುಗಳಲ್ಲಿ. ಸೀಲೆಂಟ್ ಹಾಕಿದರೆ ಮೊದಲ ಎರಡು ವರ್ಷ ಅಲ್ಲಿನ ಹುಳುಕಿನಲ್ಲಿ 80% ತಪ್ಪುತ್ತದೆ, ನಾಲ್ಕು ವರ್ಷದವರೆಗೂ 50% ತಪ್ಪುತ್ತಲೇ ಇರುತ್ತದೆ. 6ರಿಂದ 11 ವರ್ಷದ ಮಕ್ಕಳಲ್ಲಿ ಸೀಲೆಂಟ್ ಇಲ್ಲದವರ ಮೊದಲ ದವಡೆ ಹಲ್ಲಿನಲ್ಲಿ ಹುಳುಕು, ಸೀಲೆಂಟ್ ಇದ್ದವರಿಗಿಂತ ಸುಮಾರು ಮೂರು ಪಟ್ಟು. ಇಷ್ಟಿದ್ದೂ ಅಲ್ಲಿಯೇ ಇದು ಎಲ್ಲ ಮಕ್ಕಳಿಗೂ ತಲುಪಿಲ್ಲ. ಸೀಲೆಂಟ್ ಕೆಲಸ ಮಾಡುತ್ತದೆ, ಆದರೆ ಜನ ಬಳಸುತ್ತಿಲ್ಲ ಎಂದು ಅಲ್ಲಿನ ಪರಿಣತರ ಸಭೆ 1983ರಲ್ಲೇ ಹೇಳಿತ್ತು.

ಸೀಲೆಂಟೇ ಎಲ್ಲಕ್ಕೂ ಮದ್ದು ಅಂತ ಹೇಳುತ್ತಿಲ್ಲ. ಬ್ರಿಟನ್ನಿನ ವೇಲ್ಸ್ ಅನ್ನುವ ಭಾಗದ ಶಾಲೆಗಳಲ್ಲಿ 6-7 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಒಂದು ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಅರ್ಧ ಮಕ್ಕಳಿಗೆ ಸೀಲೆಂಟ್. ಉಳಿದವರಿಗೆ ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಶ್, ಅಂದರೆ ಹಲ್ಲಿಗೆ ಬ್ರಷ್ಷಿನಿಂದ ಹಚ್ಚುವ ಲೇಪ. ಮೂರು ವರ್ಷದ ಕೊನೆಗೆ ಎರಡು ಗುಂಪಿನಲ್ಲೂ ಹುಳುಕಾದ ಮಕ್ಕಳ ಪ್ರಮಾಣ ಹೆಚ್ಚುಕಡಿಮೆ ಒಂದೇ: ಸೀಲೆಂಟ್ ಗುಂಪಿನಲ್ಲಿ 19.6%, ವಾರ್ನಿಶ್ ಗುಂಪಿನಲ್ಲಿ 17.5%. ವಾರ್ನಿಶ್ ಅಗ್ಗ, ಹಚ್ಚುವುದು ಸುಲಭ. ಆದರೆ ಒಂದನ್ನು ಗಮನಿಸಿ. ಅಲ್ಲಿ ಎರಡೂ ಗುಂಪಿನ ಮಕ್ಕಳ ಹತ್ತಿರ ಆರು ತಿಂಗಳಿಗೊಮ್ಮೆ ತಪ್ಪದೆ ತಂಡ ಹೋಗುತ್ತಿತ್ತು. ಆ ವ್ಯವಸ್ಥೆ ಇರುವ ಕಡೆ ವಾರ್ನಿಶ್ ಸಾಕು. ವರ್ಷಕ್ಕೆ ಒಂದು ಸಲವೂ ಹಲ್ಲಿನ ಡಾಕ್ಟರ ಮುಖ ನೋಡದ ಮಗುವಿಗೆ, ಒಮ್ಮೆ ಹಾಕಿದರೆ ಹಲವು ವರ್ಷ ನಿಲ್ಲಬಲ್ಲ ಸೀಲೆಂಟೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಎರಡೂ ಮಾಡಿಸಿದರೆ ಇನ್ನೂ ಒಳ್ಳೆಯದು. ಗೆರೆಗಳನ್ನು ಸೀಲೆಂಟ್ ನೋಡಿಕೊಳ್ಳುತ್ತದೆ, ಹಲ್ಲಿನ ನುಣುಪು ಪಕ್ಕಗಳಿಗೆ ಫ್ಲೋರೈಡ್ ಬೇಕು.

ಅಪ್ಪ ಅಮ್ಮಂದಿರ ಅನುಮಾನಗಳು

"ಒಳಗೆ ಹುಳುಕು ಇದ್ದು ಮೇಲೆ ಮುಚ್ಚಿಬಿಟ್ಟರೆ?" ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಬೇಕಾದ್ದೇ. ಗುಂಡಿಯಾಗಿದ್ದರೆ ಸೀಲೆಂಟ್ ಅಲ್ಲ, ಫಿಲ್ಲಿಂಗ್ ಬೇಕು. ಅದನ್ನು ಮೊದಲೇ ನೋಡಿ ತೀರ್ಮಾನಿಸುವುದು ಡಾಕ್ಟರ ಕೆಲಸ. ಆದರೆ ಎನಾಮಲ್ ಮೇಲೆ ಈಗಷ್ಟೇ ಶುರುವಾದ, ಗುಂಡಿ ಬೀಳದ ಹುಳುಕಿನ ಮೇಲೆ ಮುಚ್ಚಿದರೆ ಅದು ಬೆಳೆಯುವುದಿಲ್ಲ, ಅಲ್ಲಿಗೇ ನಿಲ್ಲುತ್ತದೆ. ಒಳಗಿನ ಬ್ಯಾಕ್ಟೀರಿಯಾಕ್ಕೆ ಹೊರಗಿನಿಂದ ಸಕ್ಕರೆ ಸಿಗುವುದಿಲ್ಲವಲ್ಲ. ಅಮೆರಿಕದ ದಂತವೈದ್ಯರ ಸಂಘ 2016ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇಂಥ ಹಲ್ಲಿಗೆ ಸೀಲೆಂಟ್ ಹಾಕಿ ಎಂದೇ ಹೇಳುತ್ತದೆ.

ಪ್ಲಾಸ್ಟಿಕ್ ಬಾಟಲಿಗಳ ಸುದ್ದಿ ಓದಿದವರು ಬಿಪಿಎ ಎಂಬ ಪ್ಲಾಸ್ಟಿಕ್ಕಿನ ರಾಸಾಯನಿಕದ ಬಗ್ಗೆ ಕೇಳುತ್ತಾರೆ. ಕೆಲವು ರೆಸಿನ್‌ಗಳಿಂದ ಹಾಕಿದ ಹೊಸದರಲ್ಲಿ ತೀರಾ ಅಲ್ಪ ಪ್ರಮಾಣದಲ್ಲಿ ಬರುವುದು ನಿಜ, ಅದೂ ಸ್ವಲ್ಪ ಹೊತ್ತು. ಹಾಕಿದ ಕೂಡಲೇ ಮೇಲ್ಭಾಗ ಒರೆಸಿ, ಬಾಯಿ ಮುಕ್ಕಳಿಸಿ ಉಗಿದರೆ ಗಟ್ಟಿಯಾಗದೆ ಉಳಿದದ್ದು ಹೋಗುತ್ತದೆ. ಹಾಗಾಗಿ ಡಾಕ್ಟರ್ ಮುಕ್ಕಳಿಸಲು ಹೇಳಿದಾಗ ಮಗು ನುಂಗದಂತೆ ನೋಡಿಕೊಳ್ಳಿ.

ಸೀಲೆಂಟ್ ಒಂದು ಚೂರು ಕಿತ್ತು ಬಂದರೆ? ಊಟದ ಜೊತೆ ಹೊಟ್ಟೆಗೆ ಹೋದರೂ ಏನೂ ಆಗುವುದಿಲ್ಲ. ಸೀಲೆಂಟ್ ಬಿದ್ದುಹೋದ ಹಲ್ಲು, ಎಂದೂ ಹಾಕದ ಹಲ್ಲಿಗಿಂತ ಜಾಸ್ತಿ ಅಪಾಯದಲ್ಲಿ ಇರುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಮತ್ತೆ ಹಾಕಿಸಬಹುದು. ಆರು ತಿಂಗಳಿಗೊಮ್ಮೆ ತೋರಿಸುವುದು ಇದಕ್ಕೇ.

ಇನ್ನು ಸೀಲೆಂಟ್ ಹಾಕಿಸಿದ ಮೇಲೆ ಬ್ರಷ್ ಬಿಡಬಹುದು ಅಂದುಕೊಂಡರೆ ಕೆಟ್ಟಿತು. ಎರಡು ಹಲ್ಲಿನ ಸಂದಿಗೆ ಸೀಲೆಂಟ್ ಇರುವುದಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಲೆಯಾಗಿ ಹಾಕುತ್ತಾರಲ್ಲ, ಅದು ಪೇಸ್ಟು ಬೇಗ ಖಾಲಿಯಾಗಲಿ ಅಂತ. ಆರನೇ ಹಲ್ಲನ್ನು ಉಜ್ಜುವಾಗ ಬ್ರಷ್ಷನ್ನು ಕೆನ್ನೆ ಕಡೆಯಿಂದ ಅಡ್ಡವಾಗಿ ಹಿಡಿಯಿರಿ, ಆಗ ಎಳೆಗಳು ಆ ತಗ್ಗಿಗೆ ಇಳಿಯುತ್ತವೆ.

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಫ್ಲೋರೈಡ್ ಅಂದರೆ ಭಯ. ಸುಮ್ನೆ ಅಲ್ಲ, ಅಲ್ಲಿ ಎಷ್ಟೋ ಕೊಳವೆಬಾವಿಗಳ ನೀರಲ್ಲಿ ಅದು ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ದಾರಿಯೇ ಇಲ್ಲದಿದ್ದರೆ 1.5 ಎನ್ನುವುದು ನಮ್ಮ ದೇಶದ ಮಾನದಂಡ. ಅಲ್ಲಿನ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುವುದು ನೀರಿನಿಂದ. ಸೀಲೆಂಟ್‌ಗೆ ಇದು ಅಡ್ಡಿಯಲ್ಲ. ಆದರೆ ಇಂಥ ಎನಾಮಲ್‌ಗೆ ಆಮ್ಲ ಬೇಗ ಹಿಡಿಯುವುದಿಲ್ಲ, ಹಾಗಾಗಿ ಜೆಲ್ ಅನ್ನು ಸ್ವಲ್ಪ ಹೆಚ್ಚು ಹೊತ್ತು ಬಿಡುತ್ತಾರೆ. ಊರಿನ ನೀರು ಎಂಥದ್ದು ಅಂತ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಎಲ್ಲಿ, ಯಾವಾಗ?

ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಇತ್ತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದಾಗ ಹಲ್ಲನ್ನೂ ನೋಡುತ್ತವೆ. ನೋಡಿ ಚೀಟಿ ಬರೆದುಕೊಡುವುದು ಹೆಚ್ಚಾಗಿ ಹುಳುಕು ಕಂಡ ಮೇಲೆ. ನಮ್ಮ ರಾಜ್ಯದಲ್ಲಿ ಹಲ್ಲೆಲ್ಲ ಉದುರಿದ ಬಡ ಹಿರಿಯರಿಗೆ ಉಚಿತ ಕಟ್ಟು ಹಲ್ಲು ಕೊಡುವ ದಂತ ಭಾಗ್ಯ ಯೋಜನೆ ಇದೆ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಒಂದನೇ ತರಗತಿಯ ಮಕ್ಕಳ ನಾಲ್ಕು ಹಲ್ಲು ಮುಚ್ಚುವ ಇನ್ನೊಂದು ಯೋಜನೆ ಇದ್ದರೆ ಮುಂದೆ ಆ ಕಟ್ಟು ಹಲ್ಲಿನ ಖರ್ಚೂ ಒಂದಷ್ಟು ಇಳಿಯುತ್ತಿತ್ತು, ಅಲ್ವಾ?

ಖಾಸಗಿ ಕ್ಲಿನಿಕ್‌ಗಳಲ್ಲಿ ರೇಟು ಒಂದೊಂದು ಕಡೆ ಒಂದೊಂದು. ರೂಟ್ ಕೆನಾಲ್ ಮತ್ತು ಕ್ಯಾಪಿನ ಬಿಲ್ಲಿಗೆ ಹೋಲಿಸಿದರೆ ತೀರಾ ಕಡಿಮೆ. ದುಡ್ಡಿನ ಯೋಚನೆ ಇದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ಡೆಂಟಲ್ ಕಾಲೇಜುಗಳ ವಿಷಯದಲ್ಲಿ ಕರ್ನಾಟಕಕ್ಕೆ ಬಡತನವಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಿಂದ ಹಿಡಿದು ಮಂಗಳೂರು, ಮಣಿಪಾಲ, ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿವರೆಗೂ ಇವೆ. ಅಲ್ಲಿ ಮಕ್ಕಳ ವಿಭಾಗಕ್ಕೆ ಪೀಡೋಡಾಂಟಿಕ್ಸ್ ಅನ್ನುತ್ತಾರೆ. ವಿದ್ಯಾರ್ಥಿಗಳು ಮಾಡುತ್ತಾರೆ, ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಕೆಲಸ ಅಚ್ಚುಕಟ್ಟಾಗಿರುತ್ತದೆ.

ಸಮಯದ ವಿಷಯಕ್ಕೆ ಬಂದರೆ, ಹಲ್ಲು ಪೂರ್ತಿ ಹೊರಬಂದು ಒಣಗಿಸಲು ಆಗುವ ಮಟ್ಟಕ್ಕೆ ಬಂದ ಕೂಡಲೇ ಹಾಕಿಸಬೇಕು. ಹೆಚ್ಚಿನ ಮಕ್ಕಳಿಗೆ ಅದು ಆರು ಏಳನೇ ವರ್ಷ. ಹಾಲು ಹಲ್ಲು ಈಗಾಗಲೇ ಹುಳುಕಿರುವ ಮಗುವಾದರೆ ತಡ ಮಾಡಲೇಬೇಡಿ, ಅಂಥವರಿಗೇ ಹೊಸ ಹಲ್ಲೂ ಹುಳುಕುವ ಸಾಧ್ಯತೆ ಜಾಸ್ತಿ. ಎರಡನೇ ದವಡೆ ಹಲ್ಲು ಹನ್ನೆರಡನೇ ವರ್ಷದ ಹೊತ್ತಿಗೆ, ಅದರ ಹಿಂದೆ ಬರುತ್ತದೆ. ಅದೂ ಅಷ್ಟೇ, ಯಾವ ಹಲ್ಲೂ ಬೀಳದೆ ಬರುತ್ತದೆ. ಏಳನೇ ತರಗತಿಯ ಹುಡುಗ ಬಾಯಿ ತೋರಿಸಲು ಒಪ್ಪುವುದು ಕಷ್ಟ, ಆದರೂ ಒಂದು ಸಲ ಕರೆದುಕೊಂಡು ಹೋಗಿ. ಅಲ್ಲಿ "ಪಿಟ್ ಅಂಡ್ ಫಿಷರ್ ಸೀಲೆಂಟ್" ಅಂತ ಕೇಳಿದರೆ ತಕ್ಷಣ ಅರ್ಥವಾಗುತ್ತದೆ. ಹಾಕಿ ಮುಗಿದ ಮೇಲೆ ಇನ್ನೊಂದು ಮಾತು ಕೇಳಿ: ಕೆಳಗಿನ ದವಡೆ ಹಲ್ಲಿಗೆ ಕೆನ್ನೆ ಕಡೆ ಒಂದು ಸಣ್ಣ ಕುಳಿ ಇರುತ್ತದೆ, ಮೇಲಿನದಕ್ಕೆ ಅಂಗುಳಿನ ಕಡೆ ಒಂದು ಗೆರೆ. ಜಗಿಯುವ ಭಾಗ ಮುಚ್ಚುವ ಗಡಿಬಿಡಿಯಲ್ಲಿ ಇವೆರಡು ಮರೆತುಹೋಗುವುದುಂಟು.